ಹೂಡೆಯಲ್ಲಿ ಸೊನ್ನೆಯ ಗೆರೆ

ನನ್ನ ಅಮ್ಮನ ಕೊನೆಯ ತಂಗಿ ಹೂಡೆಯಲ್ಲಿದ್ದಾಳೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಅಷ್ಟೇ. ಆದರೂ ಚಿಕ್ಕಮ್ಮ ಎಂದರೆ ಚಿಕ್ಕಮ್ಮ, ಬೈಯುವ ಹಕ್ಕು ಅವಳದು, ಬೈಸಿಕೊಳ್ಳುವ ಕರ್ತವ್ಯ ನನ್ನದು. ಅವಳು ಹೊಳೆಬದಿಯ ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸತು ಕಟ್ಟಲು ಹೊರಟಳು. ಆ ಮನೆಯ ನೆಲ ಅಂಗಳದಿಂದ ಎಷ್ಟು ಎತ್ತರಕ್ಕೆ ಇರಬೇಕು ಎಂಬ ಪ್ರಶ್ನೆಗೆ ಮಣಿಪಾಲದ ಗುಡ್ಡದ ಮೇಲಿನ ವಿದ್ಯಾವಂತರು ಕೆಲವರು ಸೇರಿ ಉತ್ತರ ಕೊಟ್ಟರು. ಉತ್ತರ ಸರಿಯಾದದ್ದೇ. ಗುಡ್ಡ ಇಳಿದು ಹೂಡೆಗೆ ಬಂದು ಮುಟ್ಟುವಾಗ ಮಾತ್ರ ಅದು ತಲೆಕೆಳಗಾಗಿತ್ತು. ಹಾಗೆ ಮಾಡಿದ್ದು ಅವರದೇ ಗ್ರಾಫು.

ಹೂಡೆ ನೋಡದವರಿಗೆ ಹೇಳುತ್ತೇನೆ: ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ತೆಂಗು, ಮನೆ, ಬಾವಿ, ಒಂದು ರಸ್ತೆ. ಇಷ್ಟೇ ನೆಲ. ಅಲ್ಲಿ ಯಾರಾದರೂ 'ನೀರು ಬಂತು' ಎಂದರೆ, 'ಯಾವ ಬದಿಯಿಂದ?' ಎಂದು ಕೇಳಿಯೇ ಉಳಿದ ಮಾತು.

ನಾನು ಕಾರ್ಕಳದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು, ಈಗ ಉಡುಪಿಯಲ್ಲಿ ವಾಸ. ಗೆರೆ ಎಳೆಯುವುದನ್ನು ಕಾಲೇಜಿನಲ್ಲಿ ಕಲಿತೆ. ಮಾತು ಕಲಿತದ್ದು ಕಾಪುವಿನ ಅಜ್ಜಿಯಿಂದ, ಚಿಕ್ಕಮ್ಮನ ತಾಯಿಯಿಂದ. ಅಜ್ಜಿಯ ಮನೆ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿತ್ತು. ಹೋಗಿಬರುವವರೆಲ್ಲ ಅವಳ ಜಗಲಿಯ ಎದುರು ನಿಂತು ದಾರಿ ಕೇಳುತ್ತಿದ್ದರು. ಅಜ್ಜಿ ಕೂಡಲೇ ಹೇಳುತ್ತಿರಲಿಲ್ಲ. ಜಗಲಿ ಇಳಿದು ಬಂದು, ಕೇಳಿದವನ ಎರಡೂ ಭುಜ ಹಿಡಿದು, ಅವನ ಮುಖ ಕಡಲಿಗೆ ಬರುವ ಹಾಗೆ ತಿರುಗಿಸಿ ನಿಲ್ಲಿಸಿ, ಆಮೇಲೆ "ಈಗ ನಿನ್ನ ಎಡಗೈ ಬದಿಗೆ" ಎಂದು ಶುರು ಮಾಡುತ್ತಿದ್ದಳು. ಸೂಟು ಹಾಕಿದವನಾಗಲಿ, ಸೈಕಲ್ಲಿನ ಮೇಲಿದ್ದವನಾಗಲಿ, ಅವಳಿಗೆ ಒಂದೇ. "ಅವನ ಎಡ ಯಾವುದು ಅಂತ ಗೊತ್ತಿಲ್ಲದೆ ನನ್ನ ಎಡ ಹೇಳಿದರೆ ಅವನು ಹೋಗಿ ಬೀಳುವುದು ಎಲ್ಲಿ?" ಎನ್ನುತ್ತಿದ್ದಳು.

ಮಣಿಪಾಲದ ಆ ವಿದ್ಯಾವಂತರ ಸಂಸ್ಥೆಯಲ್ಲಿ ಇಂಥ ಅಜ್ಜಿ ಒಬ್ಬಳೂ ಇರಲಿಲ್ಲ.

ನನ್ನನ್ನು ಕರೆದದ್ದು ಹವಾಮಾನ ಬದಲಾವಣೆಯ ಗ್ರಾಫುಗಳನ್ನು 'ಜನಸಾಮಾನ್ಯರಿಗೆ ಅರ್ಥವಾಗುವಂತೆ' ಮಾಡುವುದಕ್ಕೆ. ಹೂಡೆ, ಕಾಪು, ಕಾರ್ಕಳ, ಮೂರು ಕಡೆ ಪ್ರದರ್ಶನ ಇಡುತ್ತಾರಂತೆ. ನಾನು ಕನ್ನಡದ ಅಕ್ಷರ ಬರೆಯಬೇಕು, ಬಣ್ಣ ನೋಡಬೇಕು. ಮೊದಲ ದಿನವೇ ನನಗೆ ತಿಳಿದುಹೋಯಿತು, ಇವರಿಗೆ ಜನಸಾಮಾನ್ಯ ಎಂದರೆ ಸ್ವಲ್ಪ ಕಡಿಮೆ ಬುದ್ಧಿಯ ವಿಜ್ಞಾನಿ. ಅವನಿಗೂ ಗ್ರಾಫೆಂದರೆ ಪ್ರೀತಿ, ಆದರೆ ಅಕ್ಷರ ಸ್ವಲ್ಪ ದೊಡ್ಡದಿರಬೇಕು, ಹಿನ್ನೆಲೆಯಲ್ಲಿ ಒಂದು ಚಂದದ ಚಿತ್ರ ಇರಬೇಕು.

ಹಿನ್ನೆಲೆಯ ಚಿತ್ರ ಏನೆಂದು ಊಹಿಸಿ. ಬಿರುಕು ಬಿಟ್ಟ ನೆಲ. ಮಳೆಗಾಲದಲ್ಲಿ ಕೊಡೆಯ ಹಿಡಿಗೂ ಬೂಷ್ಟು ಹಿಡಿಯುವ ಊರಿಗೆ ಬಿರುಕು ಬಿಟ್ಟ ನೆಲ!

"ನಮ್ಮೂರಲ್ಲಿ ನೆಲ ಬಿರಿಯುವುದಿಲ್ಲ ಸರ್, ಕೊಳೆಯುತ್ತದೆ," ಎಂದೆ.

ಸಂಸ್ಥೆಯ ಮುಖ್ಯಸ್ಥರು ನಕ್ಕರು. ದೊಡ್ಡ ಮನುಷ್ಯರು ಮಕ್ಕಳ ತಮಾಷೆಗೆ ನಗುವ ಹಾಗೆ. "ಅದು ಸಿಂಬಾಲಿಕ್ ಮೇಡಂ. ಜನ ನೋಡಿದ ಕೂಡಲೇ ಕ್ಲೈಮೇಟ್ ಅಂತ ಗೊತ್ತಾಗ್ಬೇಕಲ್ವಾ?"

ಇನ್ನು ಗ್ರಾಫು. ಮೊದಲು ತೋರಿಸಿದ್ದು ಮುಂದೆ ಆಗಬಹುದಾದ ತಾಪಮಾನದ್ದಂತೆ. ಒತ್ತುಶಾವಿಗೆಯ ಮಣೆಯಿಂದ ಆಗಷ್ಟೇ ಇಳಿದ ಹಾಗೆ ಗೆರೆಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಪ್ರತಿಯೊಂದಕ್ಕೂ ಬೇರೆ ಬಣ್ಣ, ಯಾವ ಬಣ್ಣ ಯಾವುದು ಎನ್ನುವುದು ಮೂಲೆಯಲ್ಲಿ ಇರುವೆಗಳಿಗಾಗಿ ಬರೆದಿಟ್ಟಿತ್ತು. ಅದನ್ನು ಬಿಡಿಸುವಷ್ಟು ತಾಳ್ಮೆ ನನಗಿರಲಿಲ್ಲ, ಅದನ್ನು ಮಾಡಿದವರಿಗೆ ಅಗತ್ಯವೂ ಇರಲಿಲ್ಲ. ಎರಡನೆಯದು ಸಮುದ್ರ ಮಟ್ಟದ್ದು. ಈ ಕತೆ ಇರುವುದು ಅದರಲ್ಲಿ.

ಅದನ್ನು ಸರಿಯಾಗಿ ಕಣ್ಣಿಗೆ ತಂದುಕೊಳ್ಳಿ. ನಡುವೆ ಒಂದು ಅಡ್ಡಗೆರೆ, ಅದರ ತುದಿಗೆ ಸೊನ್ನೆ. ಸೊನ್ನೆ ಎಂದರೆ ಕಡಲ ನೀರಿನ ವಾಡಿಕೆಯ ಎತ್ತರ. ಒಂದೊಂದು ವರ್ಷಕ್ಕೆ ಒಂದೊಂದು ಕಂಬ. ನೀರು ವಾಡಿಕೆಗಿಂತ ಕೆಳಗಿದ್ದ ವರ್ಷಗಳ ಕಂಬ ಗೆರೆಯಿಂದ ಕೆಳಗೆ ತೂಗುತ್ತದೆ, ಮೇಲಿದ್ದ ವರ್ಷಗಳದ್ದು ಮೇಲಕ್ಕೆ ಏಳುತ್ತದೆ. ಹಳೆಯ ವರ್ಷಗಳು ಎಡಕ್ಕೆ, ಹೊಸತು ಬಲಕ್ಕೆ. ಹಾಗಾಗಿ ಎಡದ ಕಂಬಗಳೆಲ್ಲ ಕೆಳಗೆ, ಬಲಕ್ಕೆ ಬರಬರುತ್ತ ಎಲ್ಲ ಮೇಲೆ. ವರ್ಷಗಳನ್ನು ಪೂರ್ತಿ ಬರೆಯಲು ಜಾಗವಿಲ್ಲವೆಂದು ಕೊನೆಯ ಎರಡಂಕಿ ಮಾತ್ರ, ಅದೂ ಓರೆಯಾಗಿ. ತಲೆಯ ಮೇಲೆ ದಪ್ಪಕ್ಷರದಲ್ಲಿ 'ಹೂಡೆ ಕರಾವಳಿ: ಸಮುದ್ರ ಮಟ್ಟದ ವಿಚಲನೆ.'

"ಈ ವಿಚಲನೆ ಎಂತದು?" ಎಂದು ಕೇಳಿದೆ.

"ಅನಾಮಲಿ ಮೇಡಂ. ಅದಕ್ಕೆ ಕನ್ನಡದಲ್ಲಿ ಅದೇ ಇರುವುದು."

"'ಕಡಲ ನೀರು ವಾಡಿಕೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ' ಅಂತ ಬರೆಯುವ."

"ತುಂಬಾ ಲಾಂಗ್ ಆಯ್ತು. ಮತ್ತೆ ಅದು ಸೈಂಟಿಫಿಕ್ ಅಲ್ಲ."

ಒಂದು ಸಾಲು ಉದ್ದವಾಯಿತಂತೆ. ಆ ಹಾಳೆಯ ಕೆಳಗೆ ಧನ್ಯವಾದ ಹೇಳುವುದಕ್ಕೆ ನಾಲ್ಕು ಸಾಲು ಇತ್ತು, ಸಂಸ್ಥೆಯ ಮುದ್ರೆಗಳಿಗೆ ಒಂದು ಗೇಣು ಜಾಗವಿತ್ತು. ಕಡಲಿಗೆ ಒಂದು ಸಾಲು ಇರಲಿಲ್ಲ. ಮೂಲೆಯಲ್ಲಿ ಕೂತಿದ್ದ ಸಂಶೋಧಕಿ, ಆ ಗ್ರಾಫಿನ ಹಿಂದಿನ ಲೆಕ್ಕವನ್ನೆಲ್ಲ ಮಾಡಿದವಳು ಅವಳೇ, ನನ್ನ ಕಡೆ ನೋಡಿ ತುಟಿ ಬಿಗಿದಳು. ಅವಳ ಮಾರ್ಗದರ್ಶಕರು ಅದೇ ಮುಖ್ಯಸ್ಥರು.

ಇತ್ತ ಹೂಡೆಯಲ್ಲಿ ಚಿಕ್ಕಮ್ಮನ ಹಳೆಯ ಮನೆ ಹೋಯಿತು. ಆ ಮನೆಯ ತಳಪಾಯ ಅಂಗಳದಿಂದ ನಾಲ್ಕು ಕೆಂಪುಕಲ್ಲು ಎತ್ತರವಿತ್ತು. ಏರಲು ಕಡಿದಾದ ಮೆಟ್ಟಿಲು. ಅವಳ ಎಡ ಮೊಣಕಾಲು ಕೆಟ್ಟು ಎಷ್ಟೋ ಕಾಲವಾಗಿದೆ. ನೀರಿನ ಕೊಡ ಹಿಡಿದು ಆ ಮೆಟ್ಟಿಲು ಹತ್ತುವಾಗ ಅವಳು ಮೆಟ್ಟಿಲಿಗೆ, ಮೆಟ್ಟಿಲು ಕಟ್ಟಿಸಿದ ಮಾವನಿಗೆ, ಮಾವನ ಅಪ್ಪನಿಗೆ ಕ್ರಮವಾಗಿ ಶಾಪ ಹಾಕುತ್ತಿದ್ದಳು. ಹೊಸ ಮನೆಯಲ್ಲಿ ಅಂಗಳದಿಂದ ಒಂದೇ ಹೆಜ್ಜೆಗೆ ಒಳಗೆ ಹೋಗಬೇಕು, ಅದು ಅವಳ ಆಸೆ. "ಹಳಬರು ಸುಮ್ಮನೆ ಎತ್ತರಿಸಿದ್ದಲ್ಲ ಚಿಕ್ಕಮ್ಮ, ಮಳೆಗಾಲದಲ್ಲಿ ಹೊಳೆ ಅಂಗಳಕ್ಕೆ ಬರ್ತದಲ್ಲ" ಎಂದು ನಾನು ಹೇಳಿ ಹೇಳಿ, ಕಡೆಗೆ ಹಳೆಯದರಷ್ಟೇ ಎತ್ತರ ಎಂದು ಗೊಣಗಿಕೊಂಡೇ ಒಪ್ಪಿದ್ದಳು. ಕಟ್ಟುವ ಮೇಸ್ತ್ರಿ ಬಾದಾಮಿ ಕಡೆಯವನು, ಹೂಡೆಗೆ ಬಂದು ಹಲವು ವರ್ಷವಾಗಿದೆ. ತಳಪಾಯದ ಕಲ್ಲಿನ ಮೇಲೆ ದೀಪಾವಳಿ ಕಳೆದ ಕೂಡಲೇ ಕಾಂಕ್ರೀಟಿನ ಬೆಲ್ಟು ಹಾಕುವುದೆಂದು ತೀರ್ಮಾನವಾಗಿತ್ತು. ಬೆಲ್ಟು ಬಿದ್ದ ಮೇಲೆ ಮನೆಯ ಎತ್ತರ ಮುಗಿಯಿತು. ಮತ್ತೆ ಅದನ್ನು ಯಾರೂ ಏರಿಸುವ ಹಾಗಿಲ್ಲ.

ಅಷ್ಟರಲ್ಲಿ ಪ್ರದರ್ಶನ ಬಂತು.

ಹೂಡೆಯ ಶಾಲೆಯ ಸಭಾಂಗಣ. ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ನೆರೆಯವರನ್ನು ಎಳೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಕ್ಕನ ಮಗಳ ಕೈಬರಹ ಗೋಡೆಯ ಮೇಲೆ ಇರುವಾಗ ಬಾರದೆ ಇರುವುದು ಹೇಗೆ? ಮುಖ್ಯಸ್ಥರು ಕೆಂಪು ಬೆಳಕಿನ ಪೆನ್ನು ಹಿಡಿದು ವಿವರಿಸಿದರು. ಕೆಂಪು ಚುಕ್ಕೆ ಕಂಬದಿಂದ ಕಂಬಕ್ಕೆ ಹಾರಿತು. ಜನ ಚುಕ್ಕೆಯನ್ನೇ ನೋಡಿದರು. ಹಿಂದೆ ಕೂತ ಹೆಂಗಸು ಮಡಿಲಲ್ಲಿದ್ದ ಮಗುವಿಗೆ ಅದನ್ನು ತೋರಿಸಿ ಆಡಿಸಿದಳು. ಆ ಇಡೀ ಸಭೆಯಲ್ಲಿ ಪೂರ್ತಿ ಸಂತೋಷಪಟ್ಟದ್ದು ಆ ಮಗು ಒಂದೇ. 'ವಿಚಲನೆ', 'ಮೂಲರೇಖೆ', 'ಸಂಭಾವ್ಯತೆ' ಎಂಬ ಮಾತುಗಳು ಫ್ಯಾನಿನ ಗಾಳಿಗೆ ಹಾರಿಕೊಂಡು ಹೋದವು.

"ಎಲ್ಲರಿಗೂ ಅರ್ಥ ಆಯ್ತಾ?"

"ಆಯ್ತು, ಆಯ್ತು."

"ಅರ್ಥ ಆದವರು ಕೈ ಎತ್ತಿ ನೋಡುವ."

ಎಲ್ಲರೂ ಎತ್ತಿದರು. ಎತ್ತದೆ ಏನು ಮಾಡುತ್ತಾರೆ? ಮಣಿಪಾಲದಿಂದ ಕಾರು ಮಾಡಿಕೊಂಡು ಬಂದು, ಬೆವರಿ, ಅಷ್ಟು ಹೊತ್ತು ಗಂಟಲು ಹರಿದುಕೊಂಡ ನೆಂಟನಿಗೆ 'ನಿನ್ನದು ಅರ್ಥವಾಗಲಿಲ್ಲ' ಎನ್ನುವುದು, ಬಡಿಸಿದವಳ ಎದುರಿನಲ್ಲೇ ಸಾರಿಗೆ ಉಪ್ಪಿಲ್ಲ ಎಂದ ಹಾಗೆ. ಹೂಡೆಯವರು ಅಂಥ ಮಂದಿಯಲ್ಲ. ಕೈಗಳ ಫೋಟೋ ತೆಗೆದರು. ಆ ಫೋಟೋಕ್ಕೋಸ್ಕರವೇ ಇಷ್ಟೆಲ್ಲ ಎಂದು ನನಗೆ ಆಗಲೇ ಸಂಶಯ. ಆಮೇಲೆ ಚಹಾ, ಬಿಸ್ಕತ್ತು. ಹೋಗುವಾಗ ಗ್ರಾಫಿನ ಫ್ಲೆಕ್ಸನ್ನು 'ಸಮುದಾಯಕ್ಕೆ ಕೊಡುಗೆ' ಎಂದು ಬಿಟ್ಟುಹೋದರು.

ಸಮುದಾಯವೆಂದರೆ ಯಾರು? ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ದೀಪಾವಳಿಗೆ ಎರಡು ದಿನ ಇದೆ ಎನ್ನುವಾಗ ನಾನು ದಾರಿಯಲ್ಲಿ ಕೆಮ್ಮಣ್ಣು ಪೇಟೆಯಲ್ಲಿ ಒಂದಿಷ್ಟು ಹೂವು, ಎಲೆ ಕೊಂಡು ಹೂಡೆಗೆ ಹೋದೆ. ಅಂಗಳದ ಮೂಲೆಯಲ್ಲಿ ಸಿಮೆಂಟಿನ ಚೀಲಗಳು. ಅವುಗಳ ಮೇಲೆ ಹೊದಿಸಿದ್ದು ನಮ್ಮ ಫ್ಲೆಕ್ಸು. ಒಂದು ಕ್ಷಣ ಸಂತೋಷವೇ ಆಯಿತು. ಇಷ್ಟು ದಿನಕ್ಕೆ ಅದು ಏನನ್ನಾದರೂ ನೀರಿನಿಂದ ಕಾಪಾಡುತ್ತಿದೆಯಲ್ಲ ಎಂದು. ಆಮೇಲೆ ತಳಪಾಯ ನೋಡಿದೆ. ಅಂಗಳದಿಂದ ಮೇಲೆ ಒಂದೇ ಒಂದು ಕಲ್ಲು. ಅದರ ಮೇಲೆ ಬೆಲ್ಟಿನ ಹಲಗೆ ಕಟ್ಟಲು ಹಗ್ಗ ಎಳೆದು ಆಗಿತ್ತು.

ಚಿಕ್ಕಮ್ಮ ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತೇನೆ, ಅದರ ಖಾರ ಅರ್ಧ ಇಳಿದಿದೆ ಎಂದು ತಿಳಿಯಿರಿ.

"ಎಂತ ಚಿಕ್ಕಮ್ಮ ಇದು! ನಾಲ್ಕು ಕಲ್ಲು ಅಂತ ಆಗಿತ್ತಲ್ಲ?"

"ಆಗಿತ್ತು. ಈಗ ಬೇಡ ಅಂತ ಆಯ್ತು. ನಿಮ್ಮವರೇ ತೋರಿಸಿದ್ದಲ್ವಾ?"

"ನಮ್ಮವರು ಎಂತ ತೋರಿಸಿದ್ದು?"

"ನೀನೇ ಬರೆದು ನೀನೇ ಕೇಳ್ತೀಯಲ್ಲ ಮಾರಾಯ್ತಿ!" ಎಂದು ಚಿಕ್ಕಮ್ಮ ಸಿಮೆಂಟಿನ ಚೀಲಗಳ ಹತ್ತಿರ ಹೋಗಿ, ಫ್ಲೆಕ್ಸಿನ ಮೇಲಿದ್ದ ಕಲ್ಲು ಸರಿಸಿ, ಊರುಗೋಲಿನ ತುದಿಯಿಂದ ಗ್ರಾಫಿನ ಎಡಬದಿ ಮುಟ್ಟಿದಳು. "ಇದು ಕಡಲ ಬದಿ." ಕೋಲು ಬಲಕ್ಕೆ ಸರಿಯಿತು. "ಇದು ಹೊಳೆ ಬದಿ. ಈ ಗೆರೆ ನೀರು. ಕಡಲ ಬದಿಯ ನೆಲ ಎಲ್ಲ ನೀರಿನ ಅಡಿಗೆ ಹೋಗಿದೆ ನೋಡು, ಪಾಪ. ನಮ್ಮ ಬದಿ? ಕುದ್ರು ಎದ್ದ ಹಾಗೆ ಎದ್ದು ನಿಂತಿದೆ. ಇನ್ನು ನಾಲ್ಕು ಕಲ್ಲು ಯಾಕೆ?"

ಕುದ್ರು ಎಂದರೆ ಹೊಳೆಯ ನಡುವೆ ತಲೆಯೆತ್ತುವ ದಿಬ್ಬ, ದ್ವೀಪ. ಅವಳ ಕಣ್ಣಿನಿಂದ ಒಮ್ಮೆ ನೋಡಿದ ಮೇಲೆ ನನಗೂ ಅದು ಬೇರೆ ರೀತಿ ಕಾಣಲಿಲ್ಲ. ಹೂಡೆ ಎಂದು ಹೆಸರು ಬರೆದ ಚಿತ್ರ. ಅಡ್ಡಕ್ಕೆ ಒಂದು ಗೆರೆ. ಪಡುವಣದ ಕಡಲಿನಿಂದ ಮೂಡಣದ ಹೊಳೆಯವರೆಗೆ ಆ ಪಟ್ಟಿಯನ್ನು ಕೊಯ್ದು ಬದಿಯಿಂದ ನೋಡಿದರೆ ಹೀಗೆಯೇ ಅಲ್ಲವೇ ಇರುವುದು? ಎರಡು ನೀರುಗಳ ನಡುವೆ ಹುಟ್ಟಿ ಬೆಳೆದವರು ಅಡ್ಡಗೆರೆ ನೋಡಿದರೆ ನೀರು ಎನ್ನದೆ ಸರಾಸರಿ ಎನ್ನುತ್ತಾರೆಯೇ?

"ಕೆಳಗೆ ನಂಬರ್ ಸೈತ ಅದಾವ ನೋಡ್ರಿ ಅಕ್ಕಾರ," ಎಂದ ಮೇಸ್ತ್ರಿ, ಓರೆಯಂಕಿಗಳನ್ನು ತೋರಿಸಿ. "ಸರ್ವೇ ನಂಬರ. ನಮ್ಮದು ಇಲ್ಲೇ ಎಲ್ಲೋ ಬರ್ತೈತಿ, ಎತ್ತರದಾಗ."

"ಅದು ವರ್ಷ ಮಾರಾಯ!"

"ವರ್ಷ ಹಿಂಗ ಯಾರ್ ಬರೀತಾರ್ರೀ?"

ನಾನು ಗ್ರಾಫನ್ನು ವಿವರಿಸಿದೆ. ಎಡ ಎಂದರೆ ಹಿಂದಿನ ಕಾಲ, ಬಲ ಎಂದರೆ ಈಗ, ಎದ್ದದ್ದು ನೆಲವಲ್ಲ, ನೀರು. ಚಿಕ್ಕಮ್ಮ ಪೂರ್ತಿ ಕೇಳಿದಳು. ಕೇಳಿ, "ನಿನಗೆ ನನ್ನ ಮೊಣಕಾಲು ಗೊತ್ತಿಲ್ಲ" ಎಂದಳು. "ನಾಲ್ಕು ಕಲ್ಲು ಇಡಿಸಲಿಕ್ಕೆ ನೀನು ಈಗ ಹೊಳೆಯನ್ನೂ ಏರಿಸ್ತೀಯಾ? ಅಷ್ಟು ದೊಡ್ಡ ಮನುಷ್ಯರು ಬಂದು ಹೇಳಿ ಹೋದದ್ದು ಸುಳ್ಳು, ನೀನು ಹೇಳಿದ್ದು ಸತ್ಯವಾ? ಕೈ ಎತ್ತಿದ್ದೇವೆ ನಾವು."

ಮೊಣಕಾಲು ಬೇಡಿದ್ದನ್ನೇ ಗ್ರಾಫು ಕೊಟ್ಟಿತ್ತು. ಅದನ್ನು ಬಾಯಿಮಾತಿನಲ್ಲಿ ಕಿತ್ತುಕೊಳ್ಳುವುದು ನನ್ನಿಂದಾಗುವ ಕೆಲಸವಲ್ಲ.

ಮರುದಿನ ಬೆಳಗ್ಗೆ ಮಣಿಪಾಲಕ್ಕೆ ಹೋದೆ. ಅಷ್ಟರಲ್ಲಿ ಪ್ರದರ್ಶನ ಕಾಪು, ಕಾರ್ಕಳ ಎರಡನ್ನೂ ಮುಗಿಸಿ ಬಂದಿತ್ತು. ಕಾರ್ಕಳದವರು, "ಕಡಲು ನಮ್ಮಲ್ಲಿಗೆ ಬರುವಾಗ ಉಡುಪಿಯವರು ಫೋನ್ ಮಾಡ್ತಾರೆ, ಆಗ ನೋಡುವ" ಎಂದು ಚಹಾ ಕುಡಿದು ಎದ್ದರಂತೆ. ಅಲ್ಲೂ ಕೈ ಎತ್ತಿದ್ದರು. ಮುಖ್ಯಸ್ಥರು ಮೂರೂ ಊರಿನ ಕೈಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಬದಿಗೆ ಒಂದು ವೃತ್ತ ಬೇರೆ: 'ಗ್ರಹಿಕೆಯ ಪ್ರಮಾಣ'. ಪೂರ್ತಿ ಹಸಿರು, ಚಪಾತಿಯ ಹಾಗೆ.

ನಾನು ಹೂಡೆಯ ಸಂಗತಿ ಹೇಳಿದೆ. ಅವರು ಕುತೂಹಲದಿಂದಲೇ ಕೇಳಿದರು. ಆಮೇಲೆ, "ಇಂಟರೆಸ್ಟಿಂಗ್ ಮಿಸ್‌ರೀಡಿಂಗ್" ಎಂದರು. ಯಾವುದೋ ದೂರದ ದ್ವೀಪದ ಹಕ್ಕಿಯ ವಿಷಯ ಕೇಳಿದ ಹಾಗೆ.

"ಮೂರು ಕಡೆಯೂ ಹೀಗೇ ಓದಿದ್ದಾರೋ ಏನೋ! ಇನ್ನೊಮ್ಮೆ ಹೋಗಿ ಹೇಳಬೇಕು ಸರ್. ಅಲ್ಲಿ ಮನೆ ಕಟ್ತಾ ಇದ್ದಾರೆ."

"ಮೇಡಂ, ಗ್ರಾಫ್‌ನಲ್ಲಿ ತಪ್ಪಿಲ್ಲ. ಅದು ಇಂಟರ್‌ನ್ಯಾಷನಲ್ ಫಾರ್ಮ್ಯಾಟ್. ಎಲ್ಲ ಕಡೆ ಹೀಗೇ ಇರುವುದು. ಜನ ಸ್ವಲ್ಪ ಎಫರ್ಟ್ ಹಾಕ್ಬೇಕು, ಅಲ್ವಾ?"

ಹಾಕಿದ್ದರು. ಅದೇ ಕಷ್ಟ. ಹೂಡೆಯವರು ಆ ಚಿತ್ರವನ್ನು ಕಸವೆಂದು ಬಿಟ್ಟಿದ್ದರೆ ಒಳ್ಳೆಯದಿತ್ತು. ಅದರಲ್ಲಿ ತಮ್ಮ ನೆಲ ಎಲ್ಲಿದೆ ಎಂದು ಹುಡುಕಿದರು, ಹುಡುಕಿ ಕಂಡರು. ಈ ಮಹಾಶಯರು ತಮ್ಮ ಗ್ರಾಫನ್ನು ನೋಡುವವನು ಎಲ್ಲಿ ನಿಂತಿದ್ದಾನೆ ಎಂದು ಒಮ್ಮೆಯೂ ಹುಡುಕಲಿಲ್ಲ. ಅವರಿಗೆ ಕರುಣೆ ಇಲ್ಲವೆಂದಲ್ಲ; ಭೂಮಿಯ ಮೇಲೆ ಬೇಕಾದಷ್ಟು ಕರುಣೆ, ಗೋಡೆಗೊಂದು ಭೂಮಿಯ ಚಿತ್ರ. ಆ ಭೂಮಿಯ ಮೇಲೆ ಮೊಣಕಾಲು ನೋವಿನ ಒಬ್ಬ ಮುದುಕಿ ಇದ್ದಾಳೆ ಎಂದರೆ ಮಾತ್ರ ಅದು ಫಾರ್ಮ್ಯಾಟಿನಲ್ಲಿ ಇಲ್ಲ. ಇಂಥವರ ಕೈಯಲ್ಲಿ ಸತ್ಯವೊಂದು ಸಿಕ್ಕಿದ್ದು ಸತ್ಯದ ಗ್ರಹಚಾರ.

ಹೊರಗೆ ಬಂದು ಲಿಫ್ಟಿನ ಹತ್ತಿರ ನಿಂತಿದ್ದಾಗ ಸಂಶೋಧಕಿ ಹಿಂದಿನಿಂದ ಬಂದಳು. ಶಿರ್ವದ ಹುಡುಗಿ ಅವಳು.

"ನನಗೆ ಒಂದೇ ಹೇಳು," ಎಂದೆ. "ಹಳೆಯ ಮನೆ ನಾಲ್ಕು ಕಲ್ಲಿನ ಎತ್ತರ ಇತ್ತು. ಮುಂದಿನ ತಲೆಮಾರಿಗೂ ಆಗುವ ಹಾಗೆ ಕಟ್ಟುವುದಾದರೆ ಎಷ್ಟು ಬೇಕು?"

ಅವಳು ಶುರು ಮಾಡಿದಳು. ಅದು ಹೊಗೆ ಎಷ್ಟು ಕಡಿಮೆಯಾಗುತ್ತದೆ ಎನ್ನುವುದರ ಮೇಲೆ, ಹಿಮ ಎಷ್ಟು ಕರಗುತ್ತದೆ ಎನ್ನುವುದರ ಮೇಲೆ, ಹೊಳೆಯ ಬಾಯಿ ಹೇಗೆ ತಿರುಗುತ್ತದೆ ಎನ್ನುವುದರ ಮೇಲೆ... 'ಆದರೆ'ಗಳು ಒಂದರ ಹಿಂದೆ ಒಂದು ಬಂದವು. ಎಲ್ಲವೂ ನಿಜ ಎಂದು ಅವಳ ಮುಖ ಹೇಳುತ್ತಿತ್ತು. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿಕೊಂಡು ಹೋಯಿತು.

"ಅದೆಲ್ಲ ಸರಿ. ನಿನ್ನ ಅಮ್ಮನ ಮನೆ ಆಗಿದ್ದರೆ?"

ಅವಳ 'ಆದರೆ'ಗಳು ನಿಂತವು. "ನನ್ನ ಅಮ್ಮನ ಮನೆ ಆಗಿದ್ರೆ, ಹಳೇದಕ್ಕಿಂತ ಎರಡು ಕಲ್ಲು ಜಾಸ್ತಿ ಇಡಿಸ್ತೇನೆ ಟೀಚರ್. ಎರಡು ಸಾಕಾ ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ. ಕಡಿಮೆ ಅಂತೂ ಇಡಿಸುವುದಿಲ್ಲ."

ಇದನ್ನು ಫ್ಲೆಕ್ಸಿನ ಮೇಲೆ ಬರೆಯಬಹುದಿತ್ತು. ಮುದ್ರೆಗಳಿಗೆ ಬಿಟ್ಟ ಜಾಗದ ಕಾಲುಭಾಗ ಸಾಕಿತ್ತು.

ಆ ಸಂಜೆ ಮನೆಗೆ ಬಂದು ನಾನೂ ಒಂದು ಚಿತ್ರ ಬರೆದೆ. ಚಿಕ್ಕಮ್ಮನ ಹೊಳೆಕಡವಿನ ಮೆಟ್ಟಿಲು, ಬಾವಿ, ತೆಂಗು, ಬಾಗಿಲಲ್ಲಿ ಚಿಕ್ಕಮ್ಮ, ನೀರು ಇಲ್ಲಿಯವರೆಗೆ, ಮುಂದೆ ಇಲ್ಲಿಯವರೆಗೆ. ಚಂದವೂ ಆಯಿತು. ಚಂದವಾದದ್ದೇ ಕೆಟ್ಟದಾಯಿತು. ಮರುದಿನ ಚಿಕ್ಕಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ನನ್ನ ಮೂಗು ಇಷ್ಟು ದೊಡ್ಡದಾ?" ಎಂದಳು. "ಬಾವಿಗೆ ರಾಟೆ ಇಲ್ಲಿಯಾ ಇರುವುದು?" ಎಂದಳು. ನೀರಿನ ಬಗ್ಗೆ ಏನೂ ಹೇಳಲಿಲ್ಲ. ಮೇಸ್ತ್ರಿಗೆ ತೋರಿಸಿದಳು; ಅವನು, "ಮೂಗು ಕರೆಕ್ಟ್ ಐತ್ರಿ" ಎಂದು ಬೈಸಿಕೊಂಡ.

ಅಂದು ಅಮಾವಾಸ್ಯೆ. ಮಧ್ಯಾಹ್ನದ ಹೊತ್ತಿಗೆ ಏರುನೀರು. ಮಳೆ ಇಲ್ಲ, ಗಾಳಿ ಇಲ್ಲ, ಬಿಸಿಲು ಚುರುಚುರು. ಹೊಳೆ ಏನೂ ಗೊತ್ತಿಲ್ಲದವರ ಹಾಗೆ ಕಡವಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಮೇಲಿನಿಂದ ಎರಡನೆಯದನ್ನು ನೆಕ್ಕುತ್ತಿತ್ತು. ಅಂಗಳದಿಂದ ನೋಡಿದರೆ ಅದು ತುಂಬ ಕೆಳಗೆ ಇದ್ದಂತೆ ಕಾಣುತ್ತದೆ. ನಡುವಿನ ದಂಡೆ ಅಂಗಳಕ್ಕಿಂತ ಎತ್ತರ, ಅದರ ಇಳಿಜಾರಿಗೆ ಕಣ್ಣು ಮೋಸಹೋಗುತ್ತದೆ. ತಳಪಾಯದ ಬದಿಯಲ್ಲಿ ಮೇಸ್ತ್ರಿಯ ಲೆವೆಲ್ ಪೈಪು ಸುರುಳಿ ಸುತ್ತಿ ಬಿದ್ದಿತ್ತು. ಬೆರಳು ದಪ್ಪದ, ಆಚೆಯಿಂದ ಈಚೆ ಕಾಣುವ ಕೊಳವೆ, ಒಳಗೆ ನೀರು. ಎರಡು ತುದಿ ಎಷ್ಟೇ ದೂರವಿರಲಿ, ಎರಡರಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಮನೆ ಕಟ್ಟುವ ಕಡೆಯಲ್ಲೆಲ್ಲ ಇರುವ ವಸ್ತು.

"ಆ ಪೈಪು ತಾ," ಎಂದೆ.

"ಲೆವೆಲ್ ನಿನ್ನೇನ ಹಿಡದೇನ್ರೀ. ತಪ್ಪಿಲ್ಲ."

"ನಿನ್ನದು ತಪ್ಪಲ್ಲ. ಹೊಳೆಯದ್ದು ನೋಡಬೇಕು."

ಮೇಸ್ತ್ರಿ ಒಂದು ತುದಿ ಹಿಡಿದು, ಪ್ಯಾಂಟು ಮಡಚಿ, ಗೊಣಗುತ್ತ ಕಡವಿನ ಮೆಟ್ಟಿಲಿನಲ್ಲಿ ಕೂತ. ಪೈಪಿನೊಳಗಿನ ನೀರನ್ನು ಹೊಳೆಯ ನೀರಿನ ಸಮಕ್ಕೆ ತರಲು ಹೇಳಿದೆ. ಇನ್ನೊಂದು ತುದಿಯನ್ನು ಚಿಕ್ಕಮ್ಮನ ಕೈಗೇ ಕೊಟ್ಟೆ. ಕೊಳವೆ ಮನೆಯವರೆಗೆ ಮುಟ್ಟಲಿಲ್ಲ. ನಡುವಿನ ತೆಂಗಿನವರೆಗೆ ಬಂತು. ಅಲ್ಲಿ ಚಿಕ್ಕಮ್ಮ ಬಗ್ಗಿದಳು, ನೀರು ಕುಣಿದು ಕುಣಿದು ನಿಂತ ಕಡೆ ಹೆಂಚಿನ ಚೂರಿನಿಂದ ಗೀಟು ಹಾಕಿದಳು. ಅವಳ ಕೈಯ ಗೀಟು, ಅವಳ ತೆಂಗು. ಆಮೇಲೆ ಮೇಸ್ತ್ರಿ ಬಂದು ಆ ಗೀಟಿಗೆ ತನ್ನ ತುದಿ ಹಿಡಿದ. ನಾವಿಬ್ಬರು ತಳಪಾಯಕ್ಕೆ ಬಂದೆವು.

ಚಿಕ್ಕಮ್ಮ ಮೂಲೆಕಲ್ಲಿಗೆ ಕೊಳವೆ ತಾಗಿಸಿ ಹಿಡಿದಳು. ಎದೆಯ ಎತ್ತರಕ್ಕೆ ಹಿಡಿದಿದ್ದಳು, ನೀರು ಕಾಣಲಿಲ್ಲ. ಇಳಿಸಿದಳು. ಸೊಂಟ. ಇಲ್ಲ. ಮೊಣಕಾಲು. ಇಲ್ಲ.

"ಇದರಲ್ಲಿ ನೀರೇ ಇಲ್ಲ!" ಎಂದಳು, ಗೆದ್ದವಳ ಹಾಗೆ.

"ಇನ್ನೂ ಇಳಿಸು."

ಅಷ್ಟು ಬಗ್ಗಲಾಗದೆ ಕಲ್ಲಿನ ಮೇಲೆ ಕೂತಳು. ಕೂತು ಇಳಿಸಿದಳು. ಅಂಗಳಕ್ಕೆ ಇನ್ನು ಒಂದು ಬೆರಳು ಎನ್ನುವಾಗ ಕೊಳವೆಯಲ್ಲಿ ನೀರು ಬಂದು, ಕುಣಿದು, ನಿಂತಿತು. ಅವಳು ಕೂತಿದ್ದ ಆ ಒಂದೇ ಕಲ್ಲಿನ ಬುಡಕ್ಕೆ ಸರಿಯಾಗಿ. ನೀರು ನೋಡಿದಳು. ತೆಂಗಿನ ಮೇಲಿನ ಗೀಟು ನೋಡಿದಳು. ಆಕಾಶ ನೋಡಿದಳು; ಒಂದು ಮೋಡ ಇರಲಿಲ್ಲ.

"ಇದು ಇವತ್ತಿನದ್ದು. ಮಳೆ ಇಲ್ಲದೆ, ಗಾಳಿ ಇಲ್ಲದೆ," ಎಂದೆ. "ಆ ಫ್ಲೆಕ್ಸಿನಲ್ಲಿ ಎದ್ದು ನಿಂತದ್ದು ಇದೇ ಚಿಕ್ಕಮ್ಮ. ಇದು ವರ್ಷ ವರ್ಷ ಮೇಲೆ ಬರ್ತಾ ಉಂಟು ಅಂತ ಅವರು ಹೇಳಿದ್ದು. ಹೇಳಲಿಕ್ಕೆ ಬರಲಿಲ್ಲ ಅವರಿಗೆ."

ಅವಳು ಎಡಗೈಯಿಂದ ಮೊಣಕಾಲನ್ನು ಉಜ್ಜಿಕೊಳ್ಳುತ್ತಿದ್ದಳು. ಆ ಮೊಣಕಾಲಿಗೆ ನಾನು ಏನು ಹೇಳುವುದು?

"ನಾಲ್ಕಾ?" ಎಂದಳು ಕಡೆಗೆ.

"ಆ ಲೆಕ್ಕ ಮಾಡಿದ ಹುಡುಗಿಯನ್ನು ಕೇಳಿದೆ. ಅವಳ ಅಮ್ಮನ ಮನೆ ಆಗಿದ್ದರೆ ಹಳೆಯ ನಾಲ್ಕು, ಅದರ ಮೇಲೆ ಎರಡು ಅಂತೆ."

"ಅವಳ ಅಮ್ಮನಿಗೆ ಮೊಣಕಾಲು ಗಟ್ಟಿ ಇರಬೇಕು," ಎಂದು ಹೇಳಿ ಫ್ಲೆಕ್ಸಿನ ಕಡೆ ನೋಡಿದಳು. "ಆ ಪುಣ್ಯಾತ್ಮರು ಕೆಂಪು ಚುಕ್ಕೆ ಕುಣಿಸುವ ಬದಲು ಇಷ್ಟು ಹೇಳ್ಬಹುದಿತ್ತಲ್ವಾ? ನಾವು ಕೈ ಬೇರೆ ಎತ್ತಿದೆವು ಅವರಿಗೆ."

ತೆಂಗಿನ ಬುಡದಲ್ಲಿ ಇನ್ನೂ ಕೊಳವೆ ಹಿಡಿದು ನಿಂತಿದ್ದ ಮೇಸ್ತ್ರಿ ಕೂಗಿದ: "ಅಕ್ಕಾರ, ಮೆಟ್ಟಿಲ ಬ್ಯಾಡಂದ್ರ ಇಳಿಜಾರ ಮಾಡೂಣ್ರಿ. ಜರ್ರಂತ ಏರಬಹುದು."

"ನಾನೇನು ಸ್ಕೂಟರಾ?" ಎಂದಳು ಚಿಕ್ಕಮ್ಮ. ಅವನೊಡನೆ ಅವಳ ಮಾತು ಕನ್ನಡದಲ್ಲಿ, ಒಂದೊಂದು ಅಕ್ಷರ ಬಿಡಿಸಿ, ಶಾಲೆಯಲ್ಲಿ ಪಾಠ ಓದಿದ ಹಾಗೆ. "ಮೆಟ್ಟಿಲೇ ಮಾಡು. ಆರು ಕಲ್ಲು ಇಡು, ಸಾಯಲಿ. ಆದರೆ ಒಂದೊಂದು ಮೆಟ್ಟಿಲು ತಗ್ಗು ಬೇಕು, ಅಗಲ ಬೇಕು. ನಡುವೆ ಕೂತುಕೊಳ್ಳಲಿಕ್ಕೆ ಒಂದು ಕಟ್ಟೆ. ಮತ್ತೆ ಹಿಡಿಯಲಿಕ್ಕೆ ಕಬ್ಬಿಣದ ಕಂಬಿ, ಹತ್ತುವಾಗ ನನ್ನ ಬಲಗೈಗೆ ಸಿಗುವ ಹಾಗೆ."

"ಬಲಕ್ಕ ಅಂದ್ರ ಈ ಕಡಿಗೇನ್ರೀ?" ಮೇಸ್ತ್ರಿ ಹತ್ತಿರ ಬಂದು, ತಳಪಾಯಕ್ಕೆ ಬೆನ್ನು ಹಾಕಿ, ಹೊಳೆಯ ಕಡೆ ಮುಖ ಮಾಡಿ ನಿಂತು, ಬಾವಿಯ ಬದಿಗೆ ಕೈ ಚಾಚಿದ.

ಚಿಕ್ಕಮ್ಮ ಊರುಗೋಲನ್ನು ನನ್ನ ಕೈಗೆ ಕೊಟ್ಟು ಎದ್ದಳು. ಕುಂಟುತ್ತ ಹೋಗಿ, ಅವನ ಎರಡೂ ಭುಜ ಹಿಡಿದು, ಮುಖ ಮನೆಗೆ ಬರುವ ಹಾಗೆ ತಿರುಗಿಸಿ ನಿಲ್ಲಿಸಿದಳು.

"ಈಗ ಹೇಳು," ಎಂದಳು. "ನಿನ್ನ ಬಲಗೈ ಎಲ್ಲಿ ಉಂಟು?"